ಕರುಂಪಾರೈಯ ಬೂದು ಸಾಲುಗಳು

ಬೂದು ಬಣ್ಣದ ಸಾಲುಗಳನ್ನು ಕಂಡರೆ ನನಗೆ ಭಯ. ಇದನ್ನು ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಪರದೆಯಲ್ಲಿ ಕೆಂಪು ಸಾಲು ಬಂದರೆ, ಮೊಬೈಲ್ ಟವರ್‌ಗಳ ಮೇಲೆ ಕಣ್ಣಿಡುವ ನಾಗರಕೋವಿಲ್‌ನ ನಮ್ಮ ಕೋಣೆಯಲ್ಲಿ ಅಲಾರಂ ಕೂಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಆದರೆ ಯಾರಾದರೂ ದುರಸ್ತಿಗೆ ಹೋದಾಗ ಆ ಟವರಿಗೆ 'ಕೆಲಸ ನಡೆಯುತ್ತಿದೆ' ಎಂದು ಗುರುತು ಹಾಕುತ್ತೇವೆ. ಆಮೇಲೆ ಅದು ಎಷ್ಟು ಅರಚಿದರೂ ಸದ್ದಿಲ್ಲ. ಪರದೆಯ ತಳದಲ್ಲಿ ಬೂದು ಅಕ್ಷರಗಳು ಸುಮ್ಮನೆ ಮೂಡುತ್ತಿರುತ್ತವೆ, ಬಾಯಿ ಕಟ್ಟಿಸಿಕೊಂಡವರು ಕೈಸನ್ನೆ ಮಾಡಿದ ಹಾಗೆ.

ಅವತ್ತು ಕರುಂಪಾರೈ ಬೆಟ್ಟದ ಟವರ್ ಬೂದಾಗಿತ್ತು. ದುರಸ್ತಿ ಮಾಡುವ ಸುಡಲೈಮುತ್ತು ಅಣ್ಣ ಬೆಳಿಗ್ಗೆ ಒಬ್ಬರೇ ಬೆಟ್ಟ ಹತ್ತಿದ್ದರು. ಹಳೆಯ ಯಂತ್ರ ಕಳಚಿ ಹೊಸದು ಕೂರಿಸುವವರೆಗೆ ಬೆಟ್ಟದ ಮೇಲೆ ಯಾರ ಫೋನೂ ಕೆಲಸ ಮಾಡುವುದಿಲ್ಲ. ಅಲಾರಂಗಳನ್ನು ನಮ್ಮ ಪರದೆಗೆ ತರುವ ದಾರಿ ಬೇರೆ. ಬ್ಯಾಟರಿಯ ಬಲದಲ್ಲಿ ಅದೊಂದು ಮಾತ್ರ ಜೀವಂತವಿತ್ತು.

ಊಟದ ನಂತರ 'ಕರೆಂಟ್ ಹೋಯಿತು' ಎಂಬ ಸಾಲು ಮೂಡಿತು. 'ಕರೆಂಟ್ ಬಂತು.' ಹೋಯಿತು, ಬಂತು. ಹೋಯಿತು, ಬಂತು. ಒಂದಿಷ್ಟು ಬಿಡುವು. ಮತ್ತೆ ಮೂರು ಸಲ.

"ಗ್ಲಾಡ್ಸನ್ ಅಣ್ಣಾ, ಕರುಂಪಾರೈ..." ಎಂದೆ.

ಗ್ಲಾಡ್ಸನ್ ಅಣ್ಣ ನಮ್ಮ ಶಿಫ್ಟಿನ ಮುಖ್ಯಸ್ಥರು. ತಿರುಗಲಿಲ್ಲ. "ಬೂದು ತಾನೇ? ಬಿಡಮ್ಮಾ. ಸುಡಲೈ ಕೆಲಸ ಮುಗಿಸಿ ಇಳಿದಿರ್ತಾನೆ. ಮುಗೀತು ಅಂತ ಒಂದು ಫೋನ್ ಮಾಡೋಕೆ ಅವನಿಗೆ ಯಾವತ್ತು ನೆನಪಿತ್ತು?"

"ಹಂಗಾದ್ರೆ ಸ್ವಿಚ್ ಜೊತೆ ಆಡ್ತಿರೋದು ಬೆಟ್ಟದ ಕಾವಲು ದೇವರು ಮಾಡನ್ ಸ್ವಾಮಿನೇ," ಎಂದಳು ಪಕ್ಕದ ಕುರ್ಚಿಯ ಜೆನಿಫಾ, ತಿನ್ನಲು ಬೇಯಿಸಿ ತಂದ ತಾಳೆಗೆಡ್ಡೆಯ ನಾರು ಸುಲಿಯುತ್ತಾ. "ಈ ಸಲ ಪೂಜೆಗೆ ಚುಟ್ಟಾ ಇಡೋದು ಮರೆತಿದಾರೆ ಅನ್ಸತ್ತೆ. ನೋಡೇ ತಾಮರೈ, ನಿನ್ನನ್ನೇ ಕರೀತಿದಾನೆ!"

ನಾನೂ ನಕ್ಕೆ. ಆದರೂ ಪಕ್ಕದ ಟವರ್‌ಗಳ ಸಾಲುಗಳನ್ನು ತೆರೆದು ನೋಡಿದೆ.

ಬೆಟ್ಟದ ತಪ್ಪಲಿನ ಎರಡು ಟವರ್‌ಗಳಿಗೂ ಅದೇ ತಂತಿಯ ಕರೆಂಟು. ಅದು ಹೋದರೆ ಮೂರೂ ಒಟ್ಟಿಗೇ ಕೂಗಬೇಕು. ಅವೆರಡೂ ಹಸಿರಾಗಿ, ನಿಶ್ಚಿಂತೆಯಾಗಿದ್ದವು. ಅಂದರೆ ಕರೆಂಟ್ ಹೋಗುತ್ತಿರಲಿಲ್ಲ, ಯಾರೋ ತೆಗೆಯುತ್ತಿದ್ದರು. ಆ ಸ್ವಿಚ್ ಇರುವುದು ಟವರಿನ ಕಿಟಕಿಯಿಲ್ಲದ ಕೋಣೆಯ ಒಳಗೆ. ಪರದೆಯನ್ನು ಮೇಲಕ್ಕೆ ಸರಿಸಿ ಹಳೆಯ ಸಾಲುಗಳನ್ನು ಹುಡುಕಿದೆ: 'ಬಾಗಿಲು ಮುಚ್ಚಿತು.' ಆಮೇಲೆ ತೆರೆದೇ ಇಲ್ಲ. ಗಾಳಿ ಜೋರಾದರೆ ಅಲ್ಲಿಯ ಹೊರಚಿಲಕ ತಾನಾಗಿ ಬೀಳುತ್ತದೆ ಎಂದು ಸುಡಲೈಮುತ್ತು ಅಣ್ಣನೇ ಒಮ್ಮೆ ಹೇಳಿದ್ದರು. "ಬಾಗಿಲಿಗೆ ಕಲ್ಲು ಕೊಡದೆ ಒಳಗೆ ಹೋಗೋನು ಹುಚ್ಚ," ಎಂದು ನಕ್ಕಿದ್ದರು.

ಹೋಯಿತು, ಬಂತು.

ಈಗ ಇನ್ನೊಂದು ಸಾಲು ಜೊತೆಗೂಡಿತು: 'ಕೋಣೆಯ ಬಿಸಿ ಹೆಚ್ಚು.' ಸ್ವಿಚ್ ಇಳಿಸಿದಷ್ಟು ಸಲವೂ ಅಲ್ಲಿಯ ಎಸಿ ನಿಲ್ಲುತ್ತದೆ, ಬ್ಯಾಟರಿಗಳು ಬಿಸಿಯೇರುತ್ತವೆ. ಒಂದೊಂದು ಕರೆಗೂ ಅವರು ತಮ್ಮ ತಂಪನ್ನೇ ಕೊಡುತ್ತಿದ್ದರು. ಅದೂ ಯಾರಿಗೆ? ಪರದೆಯ ತಳ ನೋಡದ ನಮಗೆ.

ಬಿಡುವು ಉದ್ದವಾಗುತ್ತಾ ಹೋಯಿತು. ಮೂರು ಸಲ ಇದ್ದದ್ದು ಎರಡಾಯಿತು.

'ಕರೆಂಟ್ ಹೋಯಿತು.'

ಕಾದೆ. 'ಬಂತು' ಬರಲಿಲ್ಲ.

ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. "ಏನೇ, ಮಾಡನ್ ಮೈಮೇಲೆ ಬಂದ್ನಾ?" ಎಂದು ಜೆನಿಫಾ ನಕ್ಕಳು. ಗ್ಲಾಡ್ಸನ್ ಅಣ್ಣ ಕೊನೆಗೂ ತಿರುಗಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಸುಡಲೈಮುತ್ತು ಅಣ್ಣ ಇಳಿದಿಲ್ಲ. ಹೊರಚಿಲಕ ಬಿದ್ದು ಒಳಗೇ ಸಿಕ್ಕಿಬಿದ್ದಿದ್ದಾರೆ. ಇಷ್ಟು ಹೊತ್ತೂ ಅವರೇ ನಮ್ಮನ್ನ ಕರೀತಿದ್ದದ್ದು."