ಕುದಿಸಿದ ಸ್ಪಂಜು

ಮಾಳಿಗೆಯ ತಂತಿಯ ಮೇಲೆ ನನ್ನ ಮೀನಿನ ಟ್ಯಾಂಕಿನ ಫಿಲ್ಟರಿನ ಸ್ಪಂಜು ಅಚ್ಚ ಹಳದಿಯಾಗಿ ಒಣಗುತ್ತಿತ್ತು. ನೋಡಿದ ಕೂಡಲೇ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಅತ್ತೀ, ಇದನ್ನ ಯಾರ ತಗದ್ರು?"

"ನಾನ ತಗದೇನಿ," ಎಂದರು ಅತ್ತೆ ಸಂಗವ್ವ, ಹೆಮ್ಮೆಯಿಂದ. "ನಾಳೆ ಅಮಾಸಿ ಐತಿ, ಮನಿಯೆಲ್ಲಾ ಸ್ವಚ್ಛ ಮಾಡಿದ್ನಿ. ಅದೆಷ್ಟು ಹೊಲಸ ಆಗಿತ್ತವ್ವಾ! ಅರಿಷಿಣ ಹಾಕಿ ಎರಡ ಸಲ ಕುದಿಸೇನಿ."

ಮನೆ ಮಿರಜಿನಲ್ಲಿ, ಅಂಗಡಿ ಸಾಂಗಲಿ ಪೇಟೆಯಲ್ಲಿ. ಮೂರು ತಲೆಮಾರಿನ ಅರಿಶಿನ ವ್ಯಾಪಾರ. ಕುದಿಸಿ ಬಿಸಿಲಿಗೆ ಹಾಕಿದರೆ ಜಗತ್ತಿನ ಯಾವ ವಸ್ತುವಾದರೂ ಸರಿಹೋಗುತ್ತದೆಂದು ನನ್ನ ಅತ್ತೆಮನೆಯವರು ನಂಬಿದ್ದಾರೆ.

ಆ ಹೊಲಸು ನನ್ನ ಮೂವತ್ತೆಂಟು ದಿನದ ದುಡಿಮೆ. ಪಕ್ಕದ ಕುಪವಾಡದ ಗೆಳತಿ ಸ್ವಪ್ನಾಲಿಯ ಗಂಡನಿಗೆ ನಾಗಪುರಕ್ಕೆ ವರ್ಗವಾಗಿತ್ತು. ಅವಳ ಏಳು ವರ್ಷದ, ಮೈ ಉಬ್ಬಿಸುವ ಪಫರ್ ಮೀನು ಅಷ್ಟು ದೂರದ ಪ್ರಯಾಣ ತಾಳದು, ನಾನೇ ಸಾಕುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದು ಸವಳು ನೀರಿನ ಮೀನು; ಅದಕ್ಕೆ ಸಿಹಿನೀರೂ ಆಗದು, ಕಡಲ ನೀರೂ ಆಗದು. ಹೊಸ ಟ್ಯಾಂಕಿಗೆ ಉಪ್ಪು ಅಳೆದು ಬೆರೆಸಿ, ದಿನಾ ಹನಿ ಹನಿ ಅಮೋನಿಯಾ ಉಣಿಸಿ, ಮೀನಿನ ಹೇಲು-ಉಚ್ಚೆಯ ವಿಷವನ್ನು ತಿಂದುಹಾಕುವ ಬ್ಯಾಕ್ಟೀರಿಯಾ ಬೆಳೆಸಿದ್ದೆ. ಮಾವ ರೇವಪ್ಪನವರು ಬಂದವರಿಗೆಲ್ಲ ಟ್ಯಾಂಕ್ ತೋರಿಸಿ, "ನಮ್ಮ ಸೊಸಿ ಬರೇ ನೀರು ಸಾಕ್ಯಾಳ್ರಿ," ಎಂದು ನಗುತ್ತಿದ್ದರು. ಹಲ್ಲು ಕಚ್ಚಿ ಸಹಿಸಿದ್ದೆ. ನಿನ್ನೆಯಷ್ಟೇ ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ವಿಷ ಸೊನ್ನೆಗೆ ಇಳಿದು ಟ್ಯಾಂಕ್ ಸಿದ್ಧವಾಗಿತ್ತು. ನಾಳೆ ಮೀನು ಬರುವುದಿತ್ತು. ಬ್ಯಾಕ್ಟೀರಿಯಾ ಬಹುಪಾಲು ಇದ್ದದ್ದು ಆ ಸ್ಪಂಜಿನಲ್ಲೇ; ಕುದಿಸಿದಾಗ ಅಷ್ಟೂ ಸತ್ತಿದ್ದವು.

ಉಳಿದದ್ದು ಒಂದೇ ದಾರಿ, ಅದೇ ಬ್ಯಾಕ್ಟೀರಿಯಾ ಇರುವ ಇನ್ನೊಂದು ಸ್ಪಂಜು. ಸ್ವಪ್ನಾಲಿಗೆ ಫೋನ್ ಮಾಡಿದೆ.

"ಮೀನಿನ ಸಂಗಾಟ ನಿನ್ನ ಹಳೇ ಸ್ಪಂಜ್ ತಗೊಂಡ ಬಾ. ತೊಳೀಬ್ಯಾಡ, ಕೈ ಮುಗೀತೀನಿ."

"ಅಯ್ಯ ಕಾಂಚನ, ಮೀನು ಬಕೀಟಿನ್ಯಾಗ ಬಿಟ್ಟು ಈಗಷ್ಟ ಸ್ಪಂಜ್ ಸಮೇತ ಎಲ್ಲಾ ಬ್ಲೀಚಿಂಗ್ ಹಾಕಿ ತೊಳದ್ನಲ್ಲ. ಅಮಾಸಿ ದಿನ ನಿಮ್ಮ ಮನಿಗೆ ಹೊಲಸು ಹೆಂಗ ತರೂದು? ನಿಮ್ಮತ್ತಿ ಏನಂತಾರ?"

ಹಣೆ ಹಣೆ ಬಡಿದುಕೊಂಡೆ. ಕುಪವಾಡದಿಂದ ಮಿರಜಿನವರೆಗೆ ನನಗೊಂದು ಹೊಲಸು ಸ್ಪಂಜಿಗೂ ಗತಿಯಿಲ್ಲ!

ಫೋನ್ ಬಿಸಾಕಿ ಅತ್ತೆಯ ಮೇಲೆ ಹರಿಹಾಯ್ದೆ. "ಆ ಮೀನು ಸತ್ತರ ನಿಮ್ಮಿಂದ ಸತ್ತಂಗ!"

ಮದುವೆಯಾದಾಗಿನಿಂದ ಅವರ ಜೊತೆ ಹಾಗೆ ಮಾತಾಡಿದವಳಲ್ಲ ನಾನು. ಅವರು ತಿರುಗಿ ಬೈಯಲಿಲ್ಲ. "ಅದರಾಗ ಏನಿತ್ತು?" ಎಂದಷ್ಟೇ ಕೇಳಿದರು. ಸಿಟ್ಟಿನಲ್ಲೇ ಎಲ್ಲ ಹೇಳಿದೆ. ಅವರು ಸ್ಪಂಜನ್ನು ಕೈಯಲ್ಲಿ ಹಿಡಿದುಕೊಂಡು ಕೊನೆಯತನಕ ಕೇಳಿದರು.

"ಅಂದ್ರ ಹೆಪ್ಪು ಇದ್ದಂಗ," ಎಂದರು. "ಹೆಪ್ಪು ಕುದಿಸಬಾರದಂತ ನನಗ ಗೊತ್ತಿಲ್ಲೇನ? ದಿನಾ ಫೋನಿನ್ಯಾಗ ಊರಿಗೆಲ್ಲಾ ಹೇಳತಿದ್ದಿ. ಮನ್ಯಾಗ ಇರಾಕಿ ನಾನು, ನನಗ ಯಾಕ ಹೇಳಲಿಲ್ಲ?"

ನಿಮಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಅವರಿಗೆ ಅದೂ ತಿಳಿದಿತ್ತೆಂದು ಕಾಣುತ್ತದೆ, ಮತ್ತೆ ಕೇಳಲಿಲ್ಲ.

"ಈಗ ಏನ ಮಾಡೂದು?" ಎಂದರು.

"ಹೊಸಾ ಹೆಪ್ಪು ಕೂಡೂತನಕ ದಿನಾ ಅರ್ಧ ನೀರು ಬದಲಿ ಮಾಡಬೇಕ್ರಿ. ಒಂದ ತಿಂಗಳಾದ್ರೂ ಬೇಕು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲಿನಿಂದ ಎರಡು ಬಕೀಟು ತಂದು ನನ್ನ ಮುಂದೆ ಇಟ್ಟರು.

"ಉಪ್ಪು ಎಷ್ಟ ಹಾಕೂದು, ಈಗಾದ್ರೂ ಹೇಳು."