ರಕ್ತ ಬಾರದ ಹೆಬ್ಬೆರಳು

ಒಕ್‌ಸಿಮ್‌ಳ ಸೂಜಿಗೆ ರಕ್ತ ಬಾರದೆ ಹೋದದ್ದು ಅಂದೇ ಮೊದಲಲ್ಲ. ಆದರೆ ಹಿಂದೆ ಒಮ್ಮೆ ಹಾಗಾದಾಗ ಅವಳ ಮುಂದೆ ಮಲಗಿದ್ದವರು ಅವಳ ಅತ್ತೆ. ಅತ್ತೆಯ ಉಸಿರು ಅಷ್ಟರಲ್ಲಾಗಲೇ ನಿಂತುಹೋಗಿತ್ತು.

ಈ ಸಲ ಮುಂದೆ ಕೂತಿದ್ದವನು ಗಂಡ ಮಾನ್‌ಸೊಕ್. ಉಸಿರಾಡುತ್ತಿದ್ದ, ಮಾತಾಡುತ್ತಿದ್ದ, ಗೊಣಗುತ್ತಲೂ ಇದ್ದ.

"ಚುಚ್ಚೋದಾದ್ರೆ ಚುಚ್ಚು, ಇಲ್ಲಾಂದ್ರೆ ಕಾಲು ಬಿಡು. ಸುಮ್ನೆ ಹಿಡ್ಕೊಂಡು ಕೂತಿದೀಯಲ್ಲ, ನಾಮ್‌ಹಿ ಅಮ್ಮ," ಎಂದ, ಎಂದಿನಂತೆ ಮಗಳ ಹೆಸರಿನಲ್ಲೇ ಹೆಂಡತಿಯನ್ನು ಕರೆಯುತ್ತ.

ಎಡಗಾಲಿನ ಹೆಬ್ಬೆರಳಿಗೆ ಚುಚ್ಚಿ ಆಗಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ತೊಂಗ್‌ಯಂಗ್ ಬಂದರಿನ ಮೇಲಿನ ಗುಡ್ಡದ ಓಣಿಯಲ್ಲಿ ಯಾರಿಗೆ ತಿಂದದ್ದು ಎದೆಯಲ್ಲಿ ನಿಂತರೂ ಒಕ್‌ಸಿಮ್‌ಳ ಬಾಗಿಲಿಗೇ ಬರುತ್ತಿದ್ದರು. ಭುಜದಿಂದ ಕೆಳಕ್ಕೆ ತೋಳನ್ನು ನೀವಿ ನೀವಿ ರಕ್ತವನ್ನು ಹೆಬ್ಬೆರಳಿಗೆ ಇಳಿಸುವಳು. ಬೆರಳಿಗೆ ದಾರ ಬಿಗಿಯುವಳು. ಸೂಜಿಯನ್ನು ತನ್ನ ತಲೆಗೂದಲಲ್ಲಿ ಉಜ್ಜಿ ಉಗುರಿನ ಬುಡಕ್ಕೆ ಚುಚ್ಚುವಳು. ಕಪ್ಪಗೆ ಒಂದು ಹನಿ ಉಬ್ಬಿ ಬರುತ್ತಿತ್ತು. ಅದರ ಹಿಂದೆಯೇ ಒಂದು ದೊಡ್ಡ ತೇಗು. ಬಂದವರು ಎದೆ ಸವರಿಕೊಂಡು, ಬದುಕಿದೆ ತಾಯಿ ಎಂದು ಎದ್ದು ಹೋಗುತ್ತಿದ್ದರು. ಈ ವಿದ್ಯೆಯನ್ನು ಅವಳಿಗೆ ಕಲಿಸಿದವರು ಅದೇ ಅತ್ತೆ. ಕಲಿಸುವಾಗ ಒಂದು ಮಾತು ಹೇಳಿದ್ದರು: "ರಕ್ತ ಬರ್ಲಿಲ್ಲ ಅಂದ್ರೆ ಇನ್ನೊಂದು ಸಲ ಚುಚ್ಚಬೇಡ. ದಾರ ಬಿಚ್ಚು, ಮನೆಯವರನ್ನ ಕರಿ."

ಒಕ್‌ಸಿಮ್ ದಾರ ಬಿಚ್ಚಲಿಲ್ಲ. ಕೈ ತಾನಾಗಿಯೇ ಪಕ್ಕದ ಬೆರಳಿಗೆ ಹೋಯಿತು. ಅಲ್ಲೂ ಚುಚ್ಚಿದಳು, ಹಿಂಡಿದಳು. ಮೇಣದ ಬತ್ತಿಗೆ ಚುಚ್ಚಿದ ಹಾಗೆ ಬರೀ ಒಂದು ತೂತು ಉಳಿಯಿತು. ತೂತಿನ ಸುತ್ತ ಚರ್ಮ ಬೆಳ್ಳಗಿತ್ತು.

"ಬಂತಾ?" ಎಂದ ಮಾನ್‌ಸೊಕ್, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ.

"ಬಂತು," ಎಂದಳು. "ಕಪ್ಪಗೆ."

"ನಾನು ಹೇಳ್ಲಿಲ್ವಾ! ಕೆಟ್ಟ ರಕ್ತ ನಿಂತಿತ್ತು ಅಷ್ಟೇ. ಆಗ್ಲೇ ಹಗುರಾಯ್ತು ನೋಡು."

ಅವಳು ಸೂಜಿಯನ್ನು ಎಲ್ಲಿಡುವುದೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ, ರಕ್ತವೇ ಅಂಟದ ಸೂಜಿಯನ್ನು ತಿಕ್ಕಿ ತಿಕ್ಕಿ ತೊಳೆದಳು.

ಈ ಕಾಲಿನ ಕಥೆ ಶುರುವಾದದ್ದು ಶರತ್ಕಾಲದಲ್ಲಿ. ಬಂದರಿನಿಂದ ಮನೆಗೆ ಏರುವ ಓಣಿಯಲ್ಲಿ ಮಾನ್‌ಸೊಕ್ ಒಂದೊಂದು ದೀಪದ ಕಂಬಕ್ಕೂ ನಿಲ್ಲತೊಡಗಿದ್ದ. ಮೀನಖಂಡ ಹಿಂಡಿದಂತಾಗುತ್ತಿತ್ತು. ಅದನ್ನು ಹೇಳಲು ನಾಚಿಕೆಯಾಗಿ ಸಿಗರೇಟು ಹಚ್ಚಿಕೊಂಡು ಸಮುದ್ರ ನೋಡುವವನ ಹಾಗೆ ನಿಲ್ಲುವನು. ನೋವು ಇಳಿದ ಮೇಲೆ ಮತ್ತೆ ಹೆಜ್ಜೆ. "ನಲವತ್ತು ವರ್ಷ ಆ ಸಮುದ್ರದಲ್ಲೇ ದೋಣಿ ಓಡ್ಸಿದೀರ, ಇನ್ನೂ ನೋಡಿ ಮುಗೀಲಿಲ್ವೇನ್ರೀ?" ಎಂದು ಅವಳು ಹಂಗಿಸುತ್ತಿದ್ದಳು. ಮೂಳೆ ಡಾಕ್ಟರು ಬೆನ್ನಿನ ಫೋಟೋ ತೆಗೆಸಿ ನರ ಒತ್ತಿಕೊಂಡಿದೆ ಎಂದರು. ಸೂಜಿಮದ್ದು ಕೊಟ್ಟರು. ಗುಣ ಕಾಣಲಿಲ್ಲ. ಕೊನೆಗೆ ಬುಸಾನ್‌ನ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ನಿಗೆ ಮುಂದಿನ ವಾರ ದಿನ ಗೊತ್ತಾಯಿತು. ಅಷ್ಟರಲ್ಲಿ ಎಡಪಾದ ಐಸು ಪೆಟ್ಟಿಗೆಯಿಂದ ತೆಗೆದ ಮೀನಿನ ಹಾಗೆ ತಣ್ಣಗಾಗಿತ್ತು. ಅವನು ಅದನ್ನು ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ, ಎಲ್ಲಕ್ಕಿಂತ ಹೆಚ್ಚು ಕಾಯುವ ಮೂಲೆಯಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಆಪರೇಷನ್ನಿಗೆ ಹೇಗೂ ದಿನವಿದೆ, ಅಲ್ಲಿಯವರೆಗೆ ನಿಂತ ರಕ್ತವನ್ನಾದರೂ ಬಿಡಿಸೋಣ ಎಂದು ಒಕ್‌ಸಿಮ್ ಸೂಜಿ ಹಿಡಿದದ್ದು.

ಮರುದಿನ, ತಾನು ಕೂಲಿಗೆ ಹೋಗುವ ಸಿಂಪಿಯ ಮಾಂಸ ಬಿಡಿಸುವ ಶೆಡ್ಡಿನಲ್ಲಿ, ಪಕ್ಕದ ಮನೆಯ ಜೊಮ್‌ರ್ಯೆ ಕೇಳಿದಳು: "ಏನಕ್ಕ, ನಿಮ್ಮ ಯಜಮಾನ್ರು ಈಚೆಗೆ ಬಿಳಿಚ್ಕೊಂಡಿದಾರೆ? ಇದ್ದಬದ್ದ ರಕ್ತಾನೆಲ್ಲಾ ನೀವೇ ಚುಚ್ಚಿ ತೆಗೆದ್ರಾ?"

ಸಾಲಿನಲ್ಲಿ ಕೂತ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಒಕ್‌ಸಿಮ್‌ಳ ಚಾಕು ಚಿಪ್ಪಿನಿಂದ ಜಾರಿ ಕೈಗವುಸನ್ನು ಸೀಳಿತು. ಅಂಗೈಯಿಂದ ರಕ್ತ ದಳದಳನೆ ಇಳಿಯಿತು. ಅವಳು ಒರೆಸಿಕೊಳ್ಳದೆ ಅದನ್ನೇ ನೋಡುತ್ತ ಕೂತಳು. ಎಷ್ಟು ಸುಲಭವಾಗಿ ಬರುತ್ತಿದೆ! ಯಾರೂ ನೀವಲಿಲ್ಲ, ದಾರ ಕಟ್ಟಲಿಲ್ಲ.

"ಅಯ್ಯೋ, ತಮಾಷೆಗೆ ಅಂದೆ ಕಣಕ್ಕ! ಬಟ್ಟೆ ತನ್ರೇ ಯಾರಾದ್ರೂ!"

ದಿನ ಕಳೆದಂತೆ ಎರಡು ತೂತುಗಳೂ ಕಪ್ಪಾದವು. ಸಾಸಿವೆಯಷ್ಟಿದ್ದದ್ದು ಹೆಸರುಕಾಳಿನಷ್ಟಾಯಿತು. ಒಕ್‌ಸಿಮ್ ಗಂಡನಿಗೆ ದಪ್ಪ ಉಣ್ಣೆಯ ಕಾಲುಚೀಲ ತೊಡಿಸಿದಳು. ಬೆಳಿಗ್ಗೆ ಅವನು ಏಳುವ ಮೊದಲೇ ಚೀಲ ಸರಿಸಿ ನೋಡುವಳು, ಮತ್ತೆ ಮುಚ್ಚುವಳು. ಯಾರಿಗೆ ಹೇಳುವುದು? ಮಗಳು ನಾಮ್‌ಹಿಗೆ ಹೇಳಿದರೆ, ಅಪ್ಪನಿಗೆ ಸಕ್ಕರೆ ಕಾಯಿಲೆ, ಆ ಸೂಜಿ ಕಸಕ್ಕೆ ಹಾಕು ಎಂದು ಎಷ್ಟು ಸಲ ಹೇಳಿದ್ದೆ ಎಂದು ಅಳುತ್ತಾಳೆ. ಗಂಡನಿಗೆ ಹೇಳಿದರೆ? ಅತ್ತೆಯ ಬೆರಳಿನಿಂದ ರಕ್ತ ಬಾರದೆ ಹೋದ ದಿನ ತಲೆದೆಸೆಯಲ್ಲಿ ಕೂತಿದ್ದವನು ಅವನೇ. ರಕ್ತ ಬರಲಿಲ್ಲ ಎಂದರೆ ಅವನಿಗೆ ಇನ್ನೇನೂ ವಿವರಿಸಬೇಕಾಗಿಲ್ಲ. ಇದಕ್ಕೂ ಒಳಗಿನ ಇನ್ನೊಂದು ಹೆದರಿಕೆ ಇತ್ತು. ಆ ಬೆರಳನ್ನು ಕೊಲ್ಲುತ್ತಿರುವುದು ತನ್ನ ಸೂಜಿಯೇ ಇರಬಹುದೇ? ಬೆನ್ನಿನ ಆಪರೇಷನ್ ಆದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ದಿನ ನೂಕಿದಳು.

ಆಸ್ಪತ್ರೆಗೆ ಸೇರಿದ ಮಧ್ಯಾಹ್ನ ನಾಮ್‌ಹಿ ಕೂಡ ಬಂದಿದ್ದಳು. ನರ್ಸು ನಗುನಗುತ್ತ ಒಂದು ಜೊತೆ ಬಿಳಿ ಕಾಲುಚೀಲ ತಂದಳು. ತೊಡೆಯವರೆಗೆ ಬರುವಂಥವು.

"ನಾಳೆ ಆಪರೇಷನ್ ಆದ್ಮೇಲೆ ಮಲಗೇ ಇರ್ತೀರಲ್ಲ ಅಜ್ಜ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಾರ್ದು. ಅದಕ್ಕೆ ಇದು, ಇವತ್ತೇ ಹಾಕ್ಬಿಡ್ತೀನಿ. ಸ್ವಲ್ಪ ಬಿಗಿ ಇರುತ್ತೆ."

ಅವಳು ಚೀಲವನ್ನು ಎರಡು ಕೈಯಲ್ಲಿ ಎಳೆದು ಹಿಗ್ಗಿಸಿ ಬಿಟ್ಟಳು. ಅದು ಚಟ್ಟೆಂದು ಮುದುಡಿಕೊಂಡಿತು. ಆ ಬಿಗಿ ಒಕ್‌ಸಿಮ್‌ಳಿಗೆ ಚೆನ್ನಾಗಿ ಗೊತ್ತಿತ್ತು. ಬೆರಳಿಗೆ ಕಟ್ಟುವ ದಾರದ ಬಿಗಿ ಅದು. ಇಡೀ ಕಾಲಿಗೆ ದಾರ ಸುತ್ತುತ್ತಾರೆ, ರಕ್ತವೇ ಇಲ್ಲದ ಕಾಲಿಗೆ!

"ಬೇಡ!" ಎಂದಳು. ದನಿ ಎಷ್ಟು ಜೋರಾಗಿ ಬಂತೆಂದರೆ ಪಕ್ಕದ ಹಾಸಿಗೆಯ ರೋಗಿ ಎದ್ದು ಕೂತ. "ಅದನ್ನ ಹಾಕ್ಬೇಡಮ್ಮ. ಆ ಕಾಲಲ್ಲಿ ರಕ್ತ ಇಲ್ಲ."

"ಅಮ್ಮ, ಏನ್ ಮಾತಾಡ್ತಿದೀಯ?" ಎಂದಳು ನಾಮ್‌ಹಿ.

"ಚುಚ್ಚಿದೆ. ಎರಡು ಬೆರಳಿಗೂ ಚುಚ್ಚಿದೆ. ಬರ್ಲಿಲ್ಲ."

ಮಾನ್‌ಸೊಕ್ ಹೆಂಡತಿಯ ಮುಖ ನೋಡಿದ. "ಬಂತು ಅಂದಿದ್ಯಲ್ಲ?"

ನರ್ಸಿನ ಮುಖದಲ್ಲಿ ಇನ್ನೂ ಅರ್ಧ ನಗು ಇತ್ತು, ಹಳ್ಳಿಯ ಅಜ್ಜಿಯರ ಮಾತು ಕೇಳಿ ರೂಢಿಯಿದ್ದವರ ನಗು. ಉಣ್ಣೆಯ ಚೀಲ ಎಳೆದು ತೆಗೆದಳು. ಕಪ್ಪು ಚುಕ್ಕೆಗಳನ್ನು ಕಂಡಳು. ಪಾದದ ಮೇಲೆ ಎರಡು ಬೆರಳಿಟ್ಟು ಕಾದಳು, ಜಾಗ ಬದಲಿಸಿ ಮತ್ತೆ ಕಾದಳು. ನಗು ಮುಖದಿಂದ ಇಳಿದುಹೋಯಿತು. ಬಿಳಿ ಚೀಲಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದಳು. ಓಡಲಿಲ್ಲ, ಆದರೆ ಓಡುವುದಕ್ಕಿಂತ ಅದೇ ಹೆಚ್ಚು ಹೆದರಿಸಿತು.

ಬಂದವರು ಡಾಕ್ಟರ್ ಪ್ಯೋ, ರಕ್ತನಾಳದ ಡಾಕ್ಟರು, ಕುಳ್ಳಗಿನ ಹೆಂಗಸು. ಮಾತಾಡುವ ಮೊದಲೇ ಕಾಲು ಹಿಡಿದರು. ಪಾದದ ಮೇಲೆ, ಹರಡಿನ ಹಿಂದೆ, ಮಂಡಿಯ ಹಿಂದೆ ಬೆರಳಿಟ್ಟು ನೋಡಿದರು. ತೊಡೆಯ ಸಂದಿಗೆ ಬಂದಾಗ ಮಾತ್ರ ನಾಡಿ ಸಿಕ್ಕಿ ಬೆರಳು ನಿಂತಿತು. ಆಮೇಲೆ ಲೇಖನಿಯಂಥ ಒಂದು ಕಡ್ಡಿಗೆ ಲೋಳೆಯ ಮದ್ದು ಹಚ್ಚಿ ಅವನ ಮುಂಗೈಗೆ ಇಟ್ಟರು. ಅದರ ತಂತಿ ಸೇರಿದ್ದ ಸಣ್ಣ ಪೆಟ್ಟಿಗೆಯಿಂದ ಹುಸ್ಸ್ ಹುಸ್ಸ್ ಎಂದು ನಾಡಿಯ ಸದ್ದು ಹೊರಟಿತು. ಅದೇ ಕಡ್ಡಿಯನ್ನು ಪಾದಕ್ಕೆ ಇಟ್ಟರು. ಬರೀ ಗಾಳಿಯ ಸದ್ದು. ಜರುಗಿಸಿದರು. ಗಾಳಿ. ಎರಡೂ ಕಾಲನ್ನು ಮೇಲೆತ್ತಿ ಹಿಡಿದರು. ಬಲಪಾದ ಪಾದದ ಬಣ್ಣದಲ್ಲೇ ಇತ್ತು, ಎಡದ್ದು ಸುಣ್ಣದ ಹಾಗೆ ಬಿಳುಪೇರಿತು.

"ಬೆನ್ನಲ್ಲೂ ತೊಂದರೆ ಇದೆ, ಅದು ಸುಳ್ಳಲ್ಲ," ಎಂದರು. "ಆದ್ರೆ ಬೆನ್ನು ಕಾಯುತ್ತೆ, ಈ ಕಾಲು ಕಾಯಲ್ಲ. ತೊಡೆಯಿಂದ ಕೆಳಕ್ಕೆ ಹೋಗೋ ನಾಳ ಮುಚ್ಚಿಹೋಗಿದೆ. ನಡೆದಾಗ ನೋವು, ನಿಂತರೆ ಇಲ್ಲ, ಹೌದಾ ಅಜ್ಜ? ಮಲಗಿದಾಗ ಕಾಲು ಇಳಿಬಿಟ್ಟರೆ ಹಿತ ಅನ್ಸುತ್ತಾ? ಸಿಗರೇಟು ಸೇದ್ತೀರಾ?"

"ಇವತ್ತು ಇಲ್ಲ," ಎಂದ ಮಾನ್‌ಸೊಕ್.

"ಇವತ್ತು ಇನ್ನೂ ಮುಗಿದಿಲ್ವಲ್ಲ." ಡಾಕ್ಟರು ಒಕ್‌ಸಿಮ್‌ಳ ಕಡೆ ತಿರುಗಿದರು. "ಅಮ್ಮ, ನೀವಾ ಚುಚ್ಚಿದ್ದು? ಇನ್ನೊಂದು ಸಲ ಈ ಕಾಲಿಗೆ ಸೂಜಿ ಮುಟ್ಟಿಸಿದ್ರೆ ನಿಮ್ಮ ಕೈ ಮಂಚಕ್ಕೆ ಕಟ್ಟಿಹಾಕ್ತೀನಿ. ಗಾಯ ಮಾಯೋಕೆ ರಕ್ತ ಬೇಕು. ಅದೇ ಇಲ್ದಿರೋ ಕಡೆ ನೀವು ಎರಡು ಗಾಯ ಮಾಡಿದೀರ. ಬಿಸಿ ನೆಲದ ಮೇಲೂ ಇಡಬೇಡಿ, ಸುಟ್ಟರೂ ಇವರಿಗೆ ಗೊತ್ತಾಗಲ್ಲ." ಕಡ್ಡಿಯ ಲೋಳೆ ಒರೆಸುತ್ತ, "ಈಗ್ಲಾದ್ರೂ ಬಾಯಿ ಬಿಟ್ರಲ್ಲ. ಆ ಚೀಲ ಹಾಕಿದ್ರೆ ಬೆಳಿಗ್ಗೆ ಹೊತ್ತಿಗೆ ನಾನು ಮಾಡೋದೇನೂ ಉಳೀತಿರ್ಲಿಲ್ಲ," ಎಂದರು.

"ಕಾಲು ತೆಗೀತೀರಾ?" ಮಾನ್‌ಸೊಕ್‌ನ ದನಿ ಸಣ್ಣದಾಗಿತ್ತು.

"ನಾಳೆ ನಾಳದೊಳಗೆ ತಂತಿ ತೂರಿಸಿ ನೋಡ್ತೀನಿ. ದಾರಿ ಸಿಕ್ಕಿದ್ರೆ ಕಾಲು ಉಳಿಯುತ್ತೆ. ಸಿಗದಿದ್ರೆ ಆಗ ಮಾತಾಡೋಣ."

ಅವರು ಹೋದ ಮೇಲೆ ಮಾನ್‌ಸೊಕ್ ಕಿಟಕಿಯ ಕಡೆ ಮುಖ ಮಾಡಿ ಮಲಗಿದ. ನಾಮ್‌ಹಿ ಕಾಗದಪತ್ರ ಎಂದು ಹೊರಗೆ ಹೋದಳು, ಅಳುವುದಕ್ಕೆ ಎಂದು ಇಬ್ಬರಿಗೂ ಗೊತ್ತಿತ್ತು.

"ಸುಳ್ಳು ಹೇಳಿದ್ಯಲ್ಲೇ."

"ಅತ್ತೆಗೆ ಚುಚ್ಚಿದಾಗ ಹಿಂಗೇ ಆಗಿತ್ತು. ನಿಮಗೆ ಹೆಂಗೆ ಹೇಳ್ಲಿ?"

ಅವನು ಮುಖ ತಿರುಗಿಸದೆಯೇ ಕೈಯನ್ನು ಹಿಂದಕ್ಕೆ ಚಾಚಿದ. ಅವಳು ಹಿಡಿದುಕೊಂಡಳು. ಆ ಕೈಯಾದರೂ ಬೆಚ್ಚಗಿತ್ತು.

ಮರುದಿನ ಅವನನ್ನು ಒಳಗೆ ಕರೆದುಕೊಂಡು ಹೋದರು. ಮತ್ತು ಬರಿಸುವುದಿಲ್ಲ, ಬಲತೊಡೆಯ ಸಂದಿಯಲ್ಲಿ ತೂತು ಮಾಡಿ ಅಲ್ಲಿಂದ ಎಡಗಾಲಿಗೆ ತಂತಿ ದಾಟಿಸುತ್ತೇವೆ, ಊಟದ ಹೊತ್ತಿಗೆ ಮುಗಿಯುತ್ತದೆ ಎಂದಿದ್ದರು. ಊಟದ ಹೊತ್ತು ಕಳೆಯಿತು. ಗೋಡೆಯ ಪರದೆಯ ಮೇಲೆ ಹೆಸರುಗಳು ಮೂಡಿ ಅಳಿಯುತ್ತಿದ್ದವು. ಮಾನ್‌ಸೊಕ್‌ನ ಹೆಸರು ಇದ್ದಲ್ಲೇ ಇತ್ತು. ಅವನ ನಂತರ ಹೋದವರು ಈಚೆ ಬಂದರು, ಅವರ ಮನೆಯವರು ಎದ್ದು ಹೋದರು. ಒಕ್‌ಸಿಮ್‌ಳಿಗೆ ಆ ಎರಡು ತೂತುಗಳು ಬಿಟ್ಟು ಬೇರೇನೂ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನೋಡಿ ಮತ್ತೆ ಕೂರುವಳು.

"ಅಮ್ಮ," ಎಂದಳು ನಾಮ್‌ಹಿ ಮೆಲ್ಲಗೆ, "ನಂಗೆ ಅಜೀರ್ಣ ಆಗಿಲ್ಲ."

ಒಕ್‌ಸಿಮ್ ನೋಡಿಕೊಂಡಳು. ಅವಳ ಕೈ ಅವಳಿಗೇ ತಿಳಿಯದೆ ಮಗಳ ತೋಳನ್ನು ಭುಜದಿಂದ ಹೆಬ್ಬೆರಳಿನವರೆಗೆ ನೀವುತ್ತಿತ್ತು. ಬಿಡಬೇಕೆಂದುಕೊಂಡಳು. ಮಗಳು, "ಇರ್ಲಿ, ನೀವ್ತಾ ಇರು," ಎಂದು ತೋಳನ್ನು ಅಲ್ಲೇ ಬಿಟ್ಟಳು.

ಡಾಕ್ಟರ್ ಪ್ಯೋ ಬಂದಾಗ ಹಣೆಯ ಮೇಲೆ ಟೋಪಿಯ ಗುರುತು ಬಿದ್ದಿತ್ತು. "ನಾಳದೊಳಗೆ ಸುಣ್ಣ ಕಟ್ಟಿ ಗಟ್ಟಿಯಾಗಿತ್ತು, ನಿಮ್ಮೂರಿನ ಸಿಂಪಿ ಚಿಪ್ಪಿನ ಹಾಗೆ. ತಂತಿ ಎಷ್ಟು ಹೊತ್ತಾದ್ರೂ ದಾಟಲೇ ಇಲ್ಲ. ಕೊನೆಗೆ ದಾಟ್ತು. ಬಲೂನು ಉಬ್ಬಿಸಿ ಅಗಲ ಮಾಡಿ, ಮತ್ತೆ ಮುಚ್ಚದ ಹಾಗೆ ಒಂದು ಜಾಲರಿ ಕೊಳವೆ ಕೂರಿಸಿದೀನಿ."

ನಾಮ್‌ಹಿ ಕುರ್ಚಿಯಲ್ಲಿ ಕುಸಿದು ಕೂತಳು. ಒಕ್‌ಸಿಮ್ ಕೂರಲಿಲ್ಲ. ಡಾಕ್ಟರ ಮಾತು ಮುಗಿದಿಲ್ಲ ಎಂದು ಅವರ ಮುಖ ಹೇಳುತ್ತಿತ್ತು.

"ದೊಡ್ಡ ನಾಳ ತೆರೀತು. ಬೆರಳಿನ ತುದಿವರೆಗೆ ರಕ್ತ ಮುಟ್ಟಿದೆಯಾ ಅನ್ನೋದು ಬೇರೆ. ಎರಡು ದಿನ ಬಿಟ್ಟು ಆ ಕಪ್ಪು ಭಾಗ ಕೆರೆದು ತೆಗೀತೀನಿ. ಆಗ ರಕ್ತ ಬಂದ್ರೆ ಬೆರಳು ಮಾಯುತ್ತೆ. ಬರದಿದ್ರೆ ಅರ್ಧ ಪಾದ ತೆಗೀಬೇಕಾಗಬಹುದು."

ಆ ಎರಡು ದಿನ ಒಕ್‌ಸಿಮ್ ಗಂಡನ ಪಾದವನ್ನು ಮುಟ್ಟಲಿಲ್ಲ. ಬೆಚ್ಚಗಾಗಿದೆ, ಮುಟ್ಟಿ ನೋಡು ಎಂದು ನಾಮ್‌ಹಿ ಹೇಳಿದರೂ ಮುಟ್ಟಲಿಲ್ಲ. ತನ್ನ ಕೈಯ ಮೇಲಿನ ನಂಬಿಕೆಯೇ ಹೋಗಿತ್ತು.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಸಣ್ಣ ಅಲಗು ತಂದು ಕಾಲ ಬುಡದಲ್ಲಿ ಕೂತರು. ಮನೆಯವರು ಹೊರಗಿರಿ ಎಂದಳು ನರ್ಸು.

"ಇವಳು ಇರ್ಲಿ," ಎಂದ ಮಾನ್‌ಸೊಕ್. "ಇಂಥದ್ದು ಇವಳಿಗೆ ಹೊಸದಲ್ಲ."

ಕಪ್ಪು ಹಕ್ಕಳೆ ಎದ್ದು ಬಂತು. ಅಡಿಯಲ್ಲಿ ಬೂದು ಬಣ್ಣ. ಡಾಕ್ಟರು ಇನ್ನೊಂದು ಪದರ ಕೆರೆದರು. ಬಿಳುಪು. ಮತ್ತೆ ಕೆರೆದರು. ಅದೇ ಮೇಣದ ಬಿಳುಪು. ಒಕ್‌ಸಿಮ್ ಮಂಚದ ಕಂಬಿ ಹಿಡಿದುಕೊಂಡಳು. ಅತ್ತೆಯ ತಣ್ಣನೆಯ ಬೆರಳು ಅವಳ ಮುಷ್ಟಿಯೊಳಗೆ ಇದ್ದ ಹಾಗಾಯಿತು.

"ಬಂತಾ?" ಎಂದ ಮಾನ್‌ಸೊಕ್.

ಅಲಗು ಒಂದು ಎಳ್ಳಿನಷ್ಟು ಆಳಕ್ಕೆ ಹೋಯಿತು. ಬಿಳುಪಿನ ನಡುವೆ ಏನೋ ಕದಲಿತು. ಸೂಜಿಮೊನೆಯಷ್ಟು ಕೆಂಪು. ಅದು ನಿಂತುಬಿಡುತ್ತದೆ ಎಂದುಕೊಂಡಳು. ನಿಲ್ಲಲಿಲ್ಲ. ಉಬ್ಬಿತು, ಗುಂಡಗಾಯಿತು, ಅಂಚು ಒಡೆದು ಬೆರಳ ಪಕ್ಕದಿಂದ ಇಳಿಯಿತು.

"ಬಂತು," ಎಂದಳು. "ಬಂತು ರೀ. ಕೆಂಪಗೆ."

"ಹೋದ ಸಲಾನೂ ಬಂತು ಅಂದಿದ್ದೆ."

ಅವಳು ಅವನ ಕತ್ತಿನ ಅಡಿಗೆ ತೋಳು ತೂರಿಸಿ ತಲೆಯನ್ನು ಎತ್ತಿ ಹಿಡಿದಳು. ಅವನು ನೋಡಿದ. ಡಾಕ್ಟರು ಒತ್ತಿದ ಬಿಳಿ ಬಟ್ಟೆ ನೋಡುನೋಡುತ್ತಲೇ ಕೆಂಪಾಯಿತು. ಇನ್ನೊಂದು ಬಟ್ಟೆ ತರಿಸಿದರು.

"ಉರೀತಿದೆ ಡಾಕ್ಟ್ರೇ!" ಎಂದು ಕೂಗಿದ ಮಾನ್‌ಸೊಕ್.

"ಉರೀಲಿ, ಒಳ್ಳೇದು," ಎಂದರು ಡಾಕ್ಟರ್ ಪ್ಯೋ, ತಲೆ ಎತ್ತದೆ.

ಆಗ ಮಾನ್‌ಸೊಕ್ ದೊಡ್ಡದಾಗಿ ತೇಗಿದ. ನರ್ಸು ಬಾಯಿ ಮುಚ್ಚಿಕೊಂಡು ನಕ್ಕಳು. ಒಕ್‌ಸಿಮ್‌ಳೂ ನಗಲು ಹೋದಳು. ಅವನ ಕತ್ತಿನ ಅಡಿಯಲ್ಲಿದ್ದ ಅವಳ ಕೈ ಮಾತ್ರ ತಾನಾಗಿಯೇ ಅವನ ಭುಜವನ್ನು ಕೆಳಕ್ಕೆ ನೀವತೊಡಗಿತ್ತು.