ಸೋದರತ್ತೆಗೆ ನೆಗಡಿ

ಕೈ ತೊಳೆಯೋ ವಿಷಯದಲ್ಲಿ ನನ್ನಷ್ಟು ಜನರ ಪ್ರಾಣ ತಿಂದವಳು ಇಡೀ ವಿಜಯವಾಡದಲ್ಲಿ ಇರಲಿಕ್ಕಿಲ್ಲ. ಒನ್ ಟೌನ್ ಪೇಟೆಯ ನಮ್ಮ ಬ್ಯಾಂಕಿನಲ್ಲಿ ಈ ಚಳಿಗಾಲ ಫ್ಲೂ ಶುರುವಾದಾಗ, ಯಾರೂ ಕೇಳದಿದ್ದರೂ ಉಸ್ತುವಾರಿ ನಾನೇ ವಹಿಸಿಕೊಂಡೆ. ಯಾರಾದರೂ ಕೆಮ್ಮಿದರೆ "ಮೊಣಕೈಗೆ, ಮೊಣಕೈಗೆ!" ಅಂತ ಕ್ಯಾಬಿನ್ನಿಂದಲೇ ಕೂಗೋದು. ಸೋಪು ಹಚ್ಚಿ ಇಪ್ಪತ್ತು ಎಣಿಸದೆ ನಲ್ಲಿ ತಿರುಗಿಸಿದರೆ ಮತ್ತೆ ತೊಳೆಸೋದು. ಹಾಸನದಿಂದ ವರ್ಗವಾಗಿ ಬಂದ ಕಮಲಾಕ್ಷಿ ಮೇಡಂ, ಅಂದರೆ ನಾನು, ಎದುರು ಬಂದರೆ ಜನ ಬಂದ ಸೀನನ್ನೂ ನುಂಗಿಕೊಳ್ತಿದ್ದರು. ನಾನು ಅದನ್ನ ಗೌರವ ಅಂದುಕೊಂಡಿದ್ದೆ.

ಇದರ ನಡುವೆ ನನ್ನ ತಮ್ಮ ಉದಯನಿಗೆ ಹೆಣ್ಣು ಮಗು ಆಯ್ತು. ಅವನು ನೌಕಾಪಡೆಯಲ್ಲಿದ್ದಾನೆ, ವಿಶಾಖಪಟ್ಟಣದಲ್ಲಿ ಕ್ವಾರ್ಟರ್ಸು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಆದ ಕೂಸು, ಅದೂ ದಿನ ತುಂಬದೆ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದದ್ದು. ವಿಡಿಯೊ ಕಾಲಿನಲ್ಲೇ ನನ್ನ ಕಾನೂನು ಹೊರಟಿತು: ಯಾರೂ ಮುತ್ತಿಡಕೂಡದು, ನೆಗಡಿಯಾದವರು ಹೊಸ್ತಿಲು ದಾಟಕೂಡದು. ತಮ್ಮನ ಹೆಂಡತಿ ಧನ್ಯಾ, ಪಾಪ, ಚೂರು ಕೆಮ್ಮು ಇದೆ ಅಂತ ಹೆತ್ತ ತಾಯಿಯನ್ನೇ ಬರಬೇಡ ಅಂದಳು.

ನಾಮಕರಣದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳೋ ಹಕ್ಕು ಸೋದರತ್ತೆಯದು. ಉದಯನಿಗೆ ಇರೋ ಅಕ್ಕ ನಾನೊಬ್ಬಳೇ. ಮದುವೆ, ಮಕ್ಕಳು ಅಂತ ನನಗೆ ಆಗಲಿಲ್ಲ. ಆ ಬೇಜಾರು ಇಲ್ಲ ಅಂತ ಎಲ್ಲರ ಹತ್ತಿರವೂ ಹೇಳ್ತೀನಿ. ಇದೆ. ಅದಕ್ಕೇ ಈ ಒಂದು ಗಳಿಗೆಗೆ ಜೀವ ಹಿಡಿದು ಕಾದಿದ್ದೆ. ಹೆಸರು ಆರಿಸಿದ್ದೂ ನಾನೇ. ತಮ್ಮನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಮೊದಲು ಕೂಸೇ ಕೇಳಬೇಕು ಅಂತ.

ಹೊರಡೋ ಹಿಂದಿನ ದಿನ ಗಂಟಲು ಕೆರೆಯಿತು. ಧೂಳು ಅಂದುಕೊಂಡೆ. ಬೆಳಿಗ್ಗೆ ಮೈ ಕಾದಿತ್ತು. ಬಿಸಿಲು ಅಂದುಕೊಂಡೆ, ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಜ್ವರದ ಮಾತ್ರೆ ನುಂಗಿ, ರೇಷ್ಮೆ ಸೀರೆಗೆ ಒಪ್ಪೋ ಮಾಸ್ಕು ಹಾಕಿ ರೈಲು ಹತ್ತಿದೆ. ಎದುರಿಗೆ ಕೂತು ಕೆಮ್ಮಿದ ಯಜಮಾನರೊಬ್ಬರಿಗೆ ಉಪದೇಶ ಬೇರೆ ಮಾಡಿದೆ. ನನಗೆ ಸೀನು ಬಂದಾಗ ಮಾತ್ರ ಮಾಸ್ಕನ್ನ ಕೆಳಗೆಳೆದು ಸೀನಿದೆ. ಹೊಸದು, ಕೊಳೆಯಾಗಬಾರದಲ್ಲ! ಆ ಯಜಮಾನರು ನನ್ನನ್ನ ನೋಡಿದ ನೋಟ ಇದೆಯಲ್ಲ, ಥೂ, ಈಗಲೂ ನಾಚಿಕೆಯಾಗುತ್ತೆ.

"ಏನಕ್ಕಾ, ದನಿ ಕೂತಿದೆ?" ಅಂದ ಉದಯ, ಬಾಗಿಲಲ್ಲೇ.

"ಅಲರ್ಜಿ ಕಣೋ, ವರ್ಷವರ್ಷದ್ದು" ಅಂದು ಒಳಗೆ ಹೋಗಿ ಕೈ ತೊಳೆದೆ, ಎಲ್ಲರಿಗೂ ಕೇಳೋ ಹಾಗೆ ಎಣಿಸ್ತಾ.

ಪಕ್ಕದ ಮನೆಯ ತೆಲುಗು ಹುಡುಗಿ ಮಾಧವೀಲತಾ ತೊಟ್ಟಿಲಿಗೆ ಹೂ ಕಟ್ಟಿದ್ದಳು. ಉದಯನನ್ನ ಬಾಯ್ತುಂಬ 'ಅನ್ನಯ್ಯ' ಅಂತಾಳೆ, ನಮ್ಮ ಅಣ್ಣಯ್ಯ ಇದ್ದ ಹಾಗೆ. ಪುರೋಹಿತರು ಕರೆದರು, ನಾನು ತೊಟ್ಟಿಲ ಮೇಲೆ ಬಗ್ಗಿದೆ. ಮಾಸ್ಕಿನೊಳಗಿಂದ ಹೆಸರು ನೆಟ್ಟಗೆ ಕೇಳಿಸೀತೇ ಅಂತ ಅದನ್ನ ಕೆಳಗೆಳೆಯೋಕೆ ಕೈ ಹಾಕಿದೆ. ಆಗ ಕೂಸು ಆಕಳಿಸಿತು. ಅಂಗೈಯಗಲದ ಮುಖ, ಅದರಲ್ಲಿ ಅರ್ಧ ಬಾಯಿ. ಮಾಸ್ಕು ಎಳೆದಿದ್ದರೆ ನನ್ನ ಉಸಿರು ಅದರೊಳಗೇ ಹೋಗ್ತಿತ್ತು!

ಗೋಡೆಗಂಟುವ ತನಕ ಹಿಂದೆ ಸರಿದೆ. "ಯಾರೂ ಹತ್ತಿರ ಬರಬೇಡಿ. ಅಲರ್ಜಿ ಅಲ್ಲ, ನಂಗೆ ಜ್ವರ."

ಧನ್ಯಾ ಕೂಸನ್ನ ಎತ್ತಿ ಎದೆಗವಚಿಕೊಂಡಳು. "ನಮ್ಮಮ್ಮನ್ನ ಬರಬೇಡ ಅಂದಿದ್ವಲ್ಲ ಅಕ್ಕಾ" ಅಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ನಾನು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡೆ. ಮುಹೂರ್ತ ಮೀರುತ್ತೆ ಅಂತ ಪುರೋಹಿತರ ಗಡಿಬಿಡಿ. ಧನ್ಯಾ ಕೂಸನ್ನ ಮತ್ತೆ ತೊಟ್ಟಿಲಲ್ಲಿ ಮಲಗಿಸಿದಳು. ಹೆಸರು ಯಾರು ಹೇಳ್ತಾರೆ ಅಂತ ಉದಯ ಒಳಗಿಂದಲೇ ಕೈಸನ್ನೆ ಮಾಡಿದ. ಫೋನ್ ಮಾಡಿ, "ಮಾಧವೀಲತಾಗೆ ಫೋನ್ ಕೊಡು, ಅವಳು ಹೇಳಲಿ. ನಿನ್ನನ್ನ ಅನ್ನಯ್ಯ ಅಂತಾಳಲ್ಲ, ಅವಳೂ ಸೋದರತ್ತೆಯೇ" ಅಂದೆ. ಹೇಳುವಾಗ ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟು ದಿನ ಬಚ್ಚಿಟ್ಟ ಹೆಸರನ್ನ ಪಕ್ಕದ ಮನೆಯವಳಿಗೆ ಒಪ್ಪಿಸಿದೆ.

ಅವಳು ಫೋನ್ ಇಡಲಿಲ್ಲ. ಸ್ಪೀಕರ್ ಹಾಕಿ, ಅದನ್ನ ಕೈಯಲ್ಲಿ ಹಿಡಿದೇ ತೊಟ್ಟಿಲ ಮೇಲೆ ಬಗ್ಗಿದಳು. "ಉಷಶ್ರೀ" ಅಂತ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ಮತ್ತೆ ಹೇಳಿದಳು, ಇನ್ನೊಮ್ಮೆ ಹೇಳಿದಳು. ಆಯ್ತಲ್ಲ, ಇನ್ನು ಫೋನ್ ಇಡೋಣ ಅಂದುಕೊಂಡೆ. ಆ ಹುಡುಗಿ ತಲೆಯೆತ್ತದೆ ಕೂಸಿಗೆ ತೆಲುಗಿನಲ್ಲಿ ಇನ್ನೊಂದು ಮಾತು ಹೇಳಿದಳು: "ಮೀ ಅತ್ತ ಪೆಟ್ಟಿನ ಪೇರು, ಬಂಗಾರಂ." ನಿಮ್ಮತ್ತೆ ಇಟ್ಟ ಹೆಸರು ಇದು, ಚಿನ್ನಾ ಅಂತ.

ನನಗೆ ತಡೆಯೋಕಾಗಲಿಲ್ಲ. ಬಾಲ್ಕನಿಯಲ್ಲಿ ಕುಸಿದು ಕೂತು, ಫೋನ್ ಕಿವಿಗಿಟ್ಟುಕೊಂಡೇ ಗೊಳೋ ಅಂತ ಅತ್ತುಬಿಟ್ಟೆ. ಕೂಸು ಸುಮ್ಮನೆ ಮಲಗಿತ್ತು, ತೊಟ್ಟಿಲೊಳಗಿಂದ ಕೇಳಿಸ್ತಿದ್ದದ್ದು ಮಾಧವೀಲತಾಳ ಕೈಯ ಫೋನಿನಿಂದ ಬಂದ ನನ್ನ ಅಳು. ಪುರೋಹಿತರು "ಹಸಿವಾಗಿರಬೇಕು, ಹಾಲು ಕುಡಿಸಮ್ಮ" ಅಂದರು.

ಧನ್ಯಾ ಗಾಜಿನಾಚೆಯಿಂದ ನನ್ನನ್ನ ನೋಡಿದಳು. ಅವಳ ಕಣ್ಣಲ್ಲೂ ನೀರಿತ್ತು, ನಗುವೂ ಇತ್ತು.

"ಅಳ್ತಿರೋದು ಮಗಳಲ್ಲ ಸ್ವಾಮಿ," ಅಂದಳು. "ಅವಳ ಅತ್ತೆ."